‘ಹಗಲಪಾಳಿ’ಗೆ ಏಳನೇ ಸ್ಥಾನ

ಡಿಸೆಂಬರ್ 1, ರವಿವಾರ. ಬನಹಟ್ಟಿ

ಇವತ್ತಿನಿಂದ ಪಟ್ಟಿಯ ಕೆಲಸ ಶುರು. ದೊಡ್ಡ ಕಂಪನಿಗಳ ಹಂಗಿಲ್ಲದೆ ಮನೆಯಲ್ಲೋ ಗೋದಾಮಿನಲ್ಲೋ ಹಾಡಿ, ತಾವೇ ಮುದ್ರಿಸಿ, ತಾವೇ ನೆಟ್ಟಿಗೆ ಬಿಟ್ಟವರ ಇಂಡಿ ಆಲ್ಬಮ್‌ಗಳಲ್ಲಿ 2024ರ ಅತ್ಯುತ್ತಮ ಹತ್ತು. ಅತ್ಯುತ್ತಮ ಅಂದರೆ ನನ್ನ ಪ್ರಕಾರ. ಪ್ರತಿ ವರ್ಷ ನನ್ನ ಪುಟದಲ್ಲಿ ಹಾಕುತ್ತೇನೆ. ಜಮಖಂಡಿಯ ಬ್ಯಾಂಕಿನಲ್ಲಿ ಹಗಲೆಲ್ಲ ಪಾಸ್‌ಬುಕ್ ಮುದ್ರಿಸುವ ಕಲ್ಮೇಶನನ್ನು ಹನ್ನೊಂದು ತಿಂಗಳು ಯಾರೂ ಮೂಸುವುದಿಲ್ಲ. ಡಿಸೆಂಬರ್ ಬಂತೆಂದರೆ ಮಂಗಳೂರಿನಿಂದ ಬೀದರಿನವರೆಗೆ ‘ಸರ್, ಪಟ್ಟಿ ಯಾವಾಗ?’ ಎಂದು ಕೇಳುತ್ತಾರೆ. ಇದೊಂದು ಸುಖವನ್ನು ನಾನು ಯಾಕೆ ಬಿಡಲಿ?

ನಿಯಮಗಳು ಹೋದ ವರ್ಷದ್ದೇ. ಬಸ್ಸಿನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ. ಮನೆಯ ಮಾಳಿಗೆಯ ಕೋಣೆಯಲ್ಲಿ, ವೈರಿನ ಇಯರ್‌ಫೋನ್ ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ ಮೂರು ಸಲ. ಪಟ್ಟಿ ಹೊರಬೀಳುವವರೆಗೆ ಹಾಡಿದವರ ಜೊತೆ ಮಾತಿಲ್ಲ.

ಸದ್ಯ ಮೊದಲ ಸ್ಥಾನದಲ್ಲಿ ಮಂಗಳೂರಿನ ಹುಡುಗಿಯೊಬ್ಬಳ ‘ತೇವದ ಗೋಡೆ’. ಎರಡರಲ್ಲಿ ಹುಬ್ಬಳ್ಳಿಯ ಮೂವರ ‘ಒಗ್ಗರಣಿ ಹೊಗಿ’. ಮೂರರಲ್ಲಿ ನಮ್ಮ ಬೀಳಗಿ ಕಡೆಯ ಅನಗವಾಡಿಯ ಅಣ್ಣತಮ್ಮಂದಿರು ಘಟಪ್ರಭೆಯ ದಂಡೆಯಲ್ಲಿ ಕೂತು ಹಾಡಿದ ‘ನೀರ ಇಳದ ಮ್ಯಾಲ’. ಎರಡು ಮತ್ತು ಮೂರು ಅದಲುಬದಲಾಗಬಹುದು.

ಅಮೋಲನ ‘ಹಗಲಪಾಳಿ’ ಇನ್ನೂ ಕೇಳಿಲ್ಲ. ಅವಸರವೇನಿಲ್ಲ.

ಡಿಸೆಂಬರ್ 3, ಮಂಗಳವಾರ

ಬ್ಯಾಂಕಿನಲ್ಲಿ ಬುತ್ತಿ ಬಿಚ್ಚುವಷ್ಟರಲ್ಲಿ ಅಮೋಲನ ಫೋನು. ಮಾತು ಬಿಟ್ಟು ಒಂದು ವರ್ಷದ ಮೇಲಾಗಿತ್ತು. ನಿನ್ನೆ ತಾನೇ ಚಹಾ ಕುಡಿದು ಎದ್ದುಹೋದವನ ಹಾಗೆ ಮಾತಾಡಿದ.

“ಏನಲೇ ಕಲ್ಮ್ಯಾ, ಆಲ್ಬಮ್ ಕೇಳಿದ್ಯಾ?”

“ಇನ್ನೂ ಸರದಿ ಬಂದಿಲ್ಲ.”

“ಸರದಿ! ರೇಷನ್ ಅಂಗಡಿ ಏನಲೇ ಇದು?” ನಕ್ಕ. ಆಮೇಲೆ ದನಿ ಇಳಿಸಿದ. “ಇಪ್ಪತ್ತೊಂಬತ್ತಕ್ಕ ಮುಧೋಳದಾಗ ಸಣ್ಣದೊಂದು ಹಾಲ್ ಹಿಡದೇನಿ. ಇಡೀ ಆಲ್ಬಮ್ ಹಾಡೂದು. ಎರಡನೇ ದನಿ ಬೇಕು. ಬರ್ತೀಯೇನು?”

“ಪಟ್ಟಿ ಬರೂತನಕ ಏನೂ ಹೇಳಾಕ ಆಗಂಗಿಲ್ಲ. ಗೆಳ್ಯಾನ ಜೋಡಿ ಹಾಡಿ ಗೆಳ್ಯಾಗ ನಂಬರ್ ಕೊಟ್ಟ ಅಂತಾರ ಮಂದಿ.”

“ಮಂದಿ ಹಾಳಾಗಿ ಹೋಗ್ಲಿ. ನೀ ಮೊದಲ ಕೇಳು. ಕೇಳಿದ ಮ್ಯಾಲ ನೀನಾಗೇ ಫೋನ್ ಮಾಡ್ತಿ, ನೋಡ.”

ಎಂಥ ಸೊಕ್ಕು! ಕೇಳಿದ ಕೂಡಲೇ ನಾನು ಕುಣಿದು ಕುಪ್ಪಳಿಸಿ ಫೋನ್ ಮಾಡಬೇಕಂತೆ.

ಜಮಖಂಡಿಯ ಕಾಲೇಜಿನಲ್ಲಿದ್ದಾಗಿನಿಂದ ನಾವಿಬ್ಬರೂ ಕೂಡಿ ಹಾಡುತ್ತಿದ್ದೆವು. ಮಗ್ಗದ ಲಾಳಿಯ ನೆನಪಿಗೆ ‘ಜೋಡಲಾಳಿ’ ಎಂದು ಹೆಸರಿಟ್ಟುಕೊಂಡಿದ್ದೆವು. ಅವನು ಗಿಟಾರು ಮತ್ತು ದನಿ, ನಾನು ಎರಡನೇ ದನಿ. ಅಷ್ಟು ವರ್ಷದಲ್ಲಿ ಒಂದೇ ಒಂದು ಆಲ್ಬಮ್ ಹೊರಗೆ ಬರಲಿಲ್ಲ, ಯಾಕೆಂದರೆ ಹಾಡುಗಳು ತಯಾರಾಗಿರಲಿಲ್ಲ. ತಯಾರಾಗದ್ದನ್ನು ಆಗಿಲ್ಲ ಅಂದೆ, ಅದು ನನ್ನ ತಪ್ಪೇ? “ನಿನ್ನ ಕಿವಿ ಸಾಕಾತಪಾ ನನಗ” ಎಂದು ಎದ್ದುಹೋದ. ಈಗ ಪಕ್ಕದ ರಬಕವಿಯ ತನ್ನ ಫ್ಲೆಕ್ಸ್ ಬ್ಯಾನರ್ ಅಂಗಡಿ ನೋಡಿಕೊಂಡೇ ಒಬ್ಬನೇ ಮಾಡಿ ಮುಗಿಸಿದ್ದಾನೆ. ಮಾಡಲಿ. ನನಗೇನು?

ಡಿಸೆಂಬರ್ 6, ಶುಕ್ರವಾರ

ಸಂಜೆ ಮನೆಗೆ ಬಂದವನೇ, ಸರದಿ ಮುರಿದು ‘ಹಗಲಪಾಳಿ’ ಕೇಳಿದೆ. ಎಂಟು ಹಾಡು.

ದನಿ ಮೊದಲಿಗಿಂತ ಹಣ್ಣಾಗಿದೆ. ಮೂರನೇ ಹಾಡು ಮುಗಿದಾಗ ಇನ್ನೊಮ್ಮೆ ಹಾಕುವವನಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ತಾಳವೇ ಇಲ್ಲ! ತಬಲಾ ಇಲ್ಲ, ಡ್ರಮ್ ಇಲ್ಲ, ಒಂದು ಚಿಟಿಕೆಯೂ ಇಲ್ಲ. ದನಿ, ಗಿಟಾರು, ಅಲ್ಲಲ್ಲಿ ಹಾರ್ಮೋನಿಯಂ, ಮುಗಿಯಿತು. ಒಳ್ಳೆಯ ಹಾಡುಗಳೇ, ಆದರೆ ಕಾಲಿಗೆ ನೆಲ ಸಿಗುವುದಿಲ್ಲ. ನಾನಿದ್ದಿದ್ದರೆ ಇದನ್ನು ಮೊದಲೇ ಹೇಳುತ್ತಿದ್ದೆ. ಹೇಳುವವನನ್ನು ಬಿಟ್ಟು ಮಾಡಿದರೆ ಹೀಗೇ ಆಗುವುದು.

ಆರನೇ ಹಾಡಿನ ನಡುವೆ ಯಾಕೋ ತಡೆಯಲಾಗದೆ ಎದ್ದು ಕಿಟಕಿಗೆ ಹೋದೆ. ಕೆಳಗೆ ಹಿತ್ತಲಿನ ಶೆಡ್ಡಿನಲ್ಲಿ ಅಪ್ಪನ ನಾಲ್ಕೂ ಪವರ್‌ಲೂಮ್ ಮಗ್ಗಗಳು ತಮ್ಮ ಪಾಡಿಗೆ ಓಡುತ್ತಿದ್ದವು. ನೋಡುವಂಥದ್ದೇನೂ ಇರಲಿಲ್ಲ. ಬಹುಶಃ ಬೇಸರ.

ಡಿಸೆಂಬರ್ 8, ರವಿವಾರ

ಎರಡನೇ ಸಲ ಕೇಳಿದೆ. ಆರನೇ ಹಾಡಿಗೆ ಮತ್ತೆ ಎದ್ದೆ. ಎರಡು ಸಲ ಎಬ್ಬಿಸಿತು ಅಂದರೆ ಆ ಹಾಡಿನಲ್ಲೇ ಏನೋ ದೋಷವಿದೆ.

‘ಹಗಲಪಾಳಿ’ ನಾಲ್ಕು. ಅಲ್ಲ, ಐದು. ನಾಲ್ಕಕ್ಕಿಟ್ಟರೆ ಗೆಳೆಯನೆಂದು ಇಟ್ಟ ಅನ್ನುತ್ತಾರೆ.

ಅವ್ವ ಚಹಾ ತಂದುಕೊಟ್ಟು, “ಅಮೋಲಂದ ಕೇಳಾಕತ್ತೀಯೇನು?” ಎಂದಳು. ಹೂಂ ಎಂದೆ. “ಹೆಂಗೈತಿ?” ಎಂದಳು. ಪರವಾಗಿಲ್ಲ ಎಂದೆ. ನನ್ನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಖಾಲಿ ಕಪ್ಪಿಗೂ ಕಾಯದೆ ಹೋದಳು. ಅವ್ವನಿಗೆ ಮೊದಲಿನಿಂದಲೂ ಅವನನ್ನು ಕಂಡರೆ ಅಕ್ಕರೆ. ಮಗ ಮಾತ್ರ ತಪ್ಪು.

ಡಿಸೆಂಬರ್ 11, ಬುಧವಾರ. ಬೀಳಗಿ

ಬೀಳಗಿಯ ಶಾಖೆಯಲ್ಲಿ ಒಬ್ಬರು ರಜೆ ಹಾಕಿದ್ದಕ್ಕೆ ನಿನ್ನೆಯಿಂದ ನನ್ನನ್ನು ಇಲ್ಲಿಗೆ ಅಟ್ಟಿದ್ದಾರೆ. ಲಾಡ್ಜಿನ ಕೋಣೆ. ಮೂರನೇ ಸಲ ಇಲ್ಲೇ ಕೇಳಿ ಮುಗಿಸಬಹುದಿತ್ತು. ಇಯರ್‌ಫೋನೂ ಜೇಬಿನಲ್ಲೇ ಇತ್ತು. ಆದರೆ ನಿಯಮ ನಿಯಮವೇ.

ಈ ಊರಲ್ಲಿ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಏನೋ ಮರೆತು ಬಂದ ಹಾಗೆ ಜೇಬು ಮುಟ್ಟಿ ಮುಟ್ಟಿ ನೋಡಿಕೊಂಡೆ. ಎಲ್ಲಾ ಇತ್ತು.

ಡಿಸೆಂಬರ್ 14, ಶನಿವಾರ

ಮೂರನೇ ಸಲ, ಮನೆಯಲ್ಲಿ. ಆರನೇ ಹಾಡಿಗೆ ಬೇಕೆಂದೇ ಮಂಚದ ಕಾಲು ಹಿಡಿದು ಕೂತೆ. ಆದರೂ ಅರ್ಧ ಎದ್ದೆ.

‘ಹಗಲಪಾಳಿ’ ಇನ್ನು ಐದಲ್ಲ, ಏಳು.

ಅಮೋಲ ಮೆಸೇಜ್ ಹಾಕಿದ್ದಾನೆ: ‘ಏನರ ಗೊತ್ತಾತೇನು?’ ಎಷ್ಟನೇ ನಂಬರೆಂದು ಮೊದಲೇ ತಿಳಿದುಕೊಳ್ಳುವ ಹುನ್ನಾರ. ಉತ್ತರಿಸಲಿಲ್ಲ.

ಡಿಸೆಂಬರ್ 15, ರವಿವಾರ

ಪಟ್ಟಿ ಹಾಕಿದೆ. ‘ಹಗಲಪಾಳಿ’ಯ ಬಗ್ಗೆ ಬರೆದದ್ದು: ‘ಏಳನೇ ಸ್ಥಾನ. ತುಂಬಿದ ದನಿ, ಪ್ರಾಮಾಣಿಕ ಸಾಹಿತ್ಯ. ಆದರೆ ಇಡೀ ಆಲ್ಬಮಿನಲ್ಲಿ ತಾಳವೆಂಬುದೇ ಇಲ್ಲ. ಮಗ್ಗದ ಊರಲ್ಲಿ ಬೆಳೆದವನೊಬ್ಬ ಬಡಿತವನ್ನು ಮರೆತಿರುವುದು ಈ ವರ್ಷದ ದೊಡ್ಡ ನಿರಾಸೆ.’

ಕೊನೆಯ ವಾಕ್ಯ ಬಹಳ ಚೆನ್ನಾಗಿ ಬಂದಿದೆ. ನಾಲ್ಕು ಸಲ ಓದಿಕೊಂಡೆ.

ಈಗ ಅಮೋಲನಿಗೆ ಫೋನ್ ಮಾಡಬಹುದು. ಮುಧೋಳಕ್ಕೆ ಬರುತ್ತೇನೆ ಎಂದು ಹೇಳಬಹುದು. ಯಾಕೆ ಬರಬಾರದು? ಟೀಕೆ ಬೇರೆ, ಹಾಡು ಬೇರೆ. ಎರಡು ಸಲ ಮಾಡಿದೆ, ಎತ್ತಲಿಲ್ಲ.

ಡಿಸೆಂಬರ್ 17, ಮಂಗಳವಾರ

ಜನಕ್ಕೆ ಏನಾಗಿದೆ! ‘ಸರ್, ನೀವು ಯಾವ ಆಲ್ಬಮ್ ಕೇಳಿದಿರಿ? ಹಗಲಪಾಳಿಯಲ್ಲಿ ಮೊದಲಿನಿಂದ ಕೊನೆಯವರೆಗೆ ತಾಳವೇ ಅಲ್ಲವೇ ಇರುವುದು?’ ಎಂದು ಮೈಸೂರಿನವನೊಬ್ಬ. ‘ಆ ರಿದಮ್ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ’ ಎಂದು ಮಂಗಳೂರಿನ ಹುಡುಗಿ, ನಾನೇ ಮೊದಲ ಸ್ಥಾನ ಕೊಟ್ಟವಳು! ‘ಪಟ್ಟಿ ಮಾಡುವವರು ಆಲ್ಬಮ್ ಕೇಳುವ ಪದ್ಧತಿ ಇಲ್ಲವೇ?’ ಎಂದು ಇನ್ನೊಬ್ಬ.

ನನಗೆ ಸಿಟ್ಟು ನೆತ್ತಿಗೇರಿತು. ಒಬ್ಬೊಬ್ಬರಿಗೂ ಉತ್ತರ ಬರೆದೆ. ಮೂರು ಸಲ ಕೇಳಿದ್ದೇನೆ, ನಿಮ್ಮ ಹಾಗೆ ಪಾತ್ರೆ ತೊಳೆಯುತ್ತ ಅಲ್ಲ, ಎಂದೆ. ಗಿಟಾರಿನ ಮೀಟನ್ನೇ ತಾಳವೆಂದುಕೊಂಡಿದ್ದೀರಿ, ಎಂದೆ. ಕೌಂಟರಿನಲ್ಲಿ ಹುನ್ನೂರಿನ ರೈತರೊಬ್ಬರು ಪಾಸ್‌ಬುಕ್ ಹಿಡಿದು ಕಾಯುತ್ತಿದ್ದರು. “ಏನ್ರೀ ಸಾಹೇಬ್ರ, ಮೊಬೈಲಿನ ಮ್ಯಾಲ ಯಾಕ ಸಿಟ್ಟು ಮಾಡೀರಿ?” ಎಂದರು.

ಅಮೋಲ ಇನ್ನೂ ಫೋನ್ ಎತ್ತಿಲ್ಲ.

ಡಿಸೆಂಬರ್ 19, ಗುರುವಾರ

ಎತ್ತಲಿಲ್ಲ.

ಡಿಸೆಂಬರ್ 22, ರವಿವಾರ

ಇವತ್ತಿನದನ್ನು ಸಾವಕಾಶವಾಗಿ ಬರೆಯಬೇಕು. ಕೈ ಓಡುತ್ತದೆ.

ಲೈನ್ ದುರಸ್ತಿಯೆಂದು ಮುಂಜಾನೆಯಿಂದ ಊರಿಗೆಲ್ಲ ಕರೆಂಟಿಲ್ಲ. ಅಪ್ಪ ಶೆಡ್ಡಿನ ಬಾಗಿಲು ಹಾಕಿಕೊಂಡು ತಲೆಗೂದಲು ಕಟಿಂಗ್ ಮಾಡಿಸಲು ಹೋಗಿದ್ದ. ನಾನು ಮಾಳಿಗೆಯಲ್ಲಿ ಕೂತು, ಆ ಮೈಸೂರಿನವನ ಬಾಯಿ ಮುಚ್ಚಿಸಲೇಬೇಕೆಂದು ‘ಹಗಲಪಾಳಿ’ ಮತ್ತೆ ಹಾಕಿದೆ. ನಿಮಿಷ ನಿಮಿಷವೂ ಬರೆದುಕೊಂಡು, ಎಲ್ಲಿದೆ ತಾಳ ತೋರಿಸು ಎಂದು ಕೇಳುವವನಿದ್ದೆ.

ಮೊದಲ ಹಾಡು ಶುರುವಾಯಿತು. ಕೆಳಗೆ ಯಾರದೋ ಮಗ್ಗ ಖಟಾಖಟ್ ಖಟಾಖಟ್ ಓಡತೊಡಗಿತು. ಥೂ, ಯಾರೋ ಜನರೇಟರ್ ಹಚ್ಚಿದರು ಎಂದುಕೊಂಡೆ. ಎರಡನೇ ಹಾಡಿಗೂ ಅದೇ. ಇವತ್ತೊಂದು ದಿನವೂ ಕೇಳಲು ಬಿಡುವುದಿಲ್ಲವಲ್ಲ ಎಂದು ಇಯರ್‌ಫೋನ್ ಹಾಕಿಕೊಂಡೇ ಕೆಳಗಿಳಿದೆ. ಹಿತ್ತಲಿಗೆ ಬಂದರೂ ಸಪ್ಪಳ ಅಷ್ಟೇ. ಬಾಗಿಲು ತೆರೆದೆ. ಶೆಡ್ಡು ಕತ್ತಲು. ನಾಲ್ಕೂ ಮಗ್ಗ ನಿಂತಿವೆ. ಕಿವಿಯಲ್ಲಿ ಮಾತ್ರ ಖಟಾಖಟ್.

ಅವ್ವ ಬಿಸಿಲಿಗೆ ಕೂತು ಜೋಳ ಹಸನ ಮಾಡುತ್ತಿದ್ದಳು. “ಅವ್ವಾ, ಯಾರ ಮಗ್ಗ ಓಡಾಕತ್ತದ?”

“ಕರೆಂಟ ಇಲ್ಲದ ಮಗ್ಗ ಹೆಂಗ ಓಡತದೋ ಹುಚ್ಚಪ್ಯಾಲಿ?”

ಇಯರ್‌ಫೋನ್ ಕಿತ್ತೆ. ಇಡೀ ಓಣಿ ಗಪ್‌ಚಿಪ್. ಹಾಕಿದೆ, ಮಗ್ಗ. ಕಿತ್ತೆ, ಏನಿಲ್ಲ. ಹಾಕಿದೆ, ಮಗ್ಗ. ಹೀಗೆ ಎಷ್ಟು ಸಲ ಮಾಡಿದೆನೋ! ಅವ್ವ ಮೊರ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಳು.

“ಈಗ ಕೇಳಸ್ತೇನಪಾ?” ಎಂದಳು.

“ನಿನಗ ಗೊತ್ತಿತ್ತೇನು?”

“ಗೊತ್ತಿಲ್ಲದ ಏನು? ಶ್ರಾವಣದಾಗ ನೀ ಬ್ಯಾಂಕಿಗೆ ಹೋದಾಗ ಅಮೋಲ ಬಂದಿದ್ದ. ಆ ಮೂಲಿ ಮಗ್ಗದ ಮುಂದ ಮೈಕ್ ಇಟ್ಟು ಹಗಲೆಲ್ಲಾ ಕುಂತ. ನಾನ ಚಾ ಮಾಡಿ ಕೊಟ್ಟೇನಿ. ‘ಕಲ್ಮ್ಯಾಗ ಹೇಳಬ್ಯಾಡ ಅವ್ವಾ, ಅಂವಾ ತಾನ ಗುರುತ ಹಿಡೀಲಿ’ ಅಂದ. ನಾ ದಿನಾ ಕಾಯಾಕತ್ತೇನಿ, ಇವತ್ತ ಹೇಳ್ತಾನ, ನಾಳಿ ಹೇಳ್ತಾನಂತ. ನೀ ನೋಡಿದ್ರ ಮಾರಿ ಗಂಟ ಹಾಕ್ಕೊಂಡ ಕುಂತಿ.”

ನಾನು ಅಲ್ಲೇ ಮಗ್ಗದ ಪಕ್ಕ ಕೂತುಬಿಟ್ಟೆ. ಹುಟ್ಟಿದಾಗಿನಿಂದ ಈ ಸಪ್ಪಳದಲ್ಲೇ ಉಂಡು, ಓದಿ, ಮಲಗಿದ್ದೇನೆ. ನಮ್ಮೂರಿನವರಿಗೆ ಇದು ಸಪ್ಪಳವೇ ಅಲ್ಲ. ನೂಲು ಹರಿದು ಮಗ್ಗ ನಿಂತರೆ ಮಾತ್ರ ಕೇಳಿಸುತ್ತದೆ. ನಿದ್ದೆಯಲ್ಲಿದ್ದವರೂ ಎದ್ದು ಕೂರುತ್ತಾರೆ. ಆರನೇ ಹಾಡು ಬಂತು. ನಡುವೆ ಮಗ್ಗ ಗಕ್ಕನೆ ನಿಂತಿತು, ಅಮೋಲನ ದನಿ ಒಂದೇ ಉಳಿಯಿತು. ಎದ್ದು ನಿಂತಿದ್ದೆ.

ಮಾಳಿಗೆಯಲ್ಲಿ ಕೂತು ಕೇಳುವಾಗ ಕೆಳಗಿನ ಮಗ್ಗವೂ ಇಯರ್‌ಫೋನಿನ ಮಗ್ಗವೂ ಒಂದರಲ್ಲೊಂದು ಕೂಡಿಹೋಗಿದ್ದವು. ಅವನು ನಮ್ಮ ಮನೆಯನ್ನೇ ತಾಳ ಮಾಡಿಕೊಂಡಿದ್ದಾನೆ, ನಾನು ತಾಳವೇ ಇಲ್ಲ ಎಂದು ಊರಿಗೆಲ್ಲ ಸಾರಿದ್ದೇನೆ. ನಾಚಿಕೆಯಾಯಿತು.

ಡಿಸೆಂಬರ್ 23, ಸೋಮವಾರ

ಬ್ಯಾಂಕಿನಿಂದ ನೇರ ರಬಕವಿಗೆ ಹೋದೆ. ಅಮೋಲ ಅಂಗಡಿಯಲ್ಲಿ ಯಾರದೋ ಹುಟ್ಟುಹಬ್ಬದ ಬ್ಯಾನರ್ ಕತ್ತರಿಸುತ್ತಿದ್ದ. ನನ್ನನ್ನು ನೋಡಿ ಕತ್ತರಿ ನಿಲ್ಲಿಸಲಿಲ್ಲ.

“ಕೇಳಸ್ತು” ಎಂದೆ.

“ಯಾವಾಗ?”

“ನಿನ್ನಿ. ಕರೆಂಟ ಹೋಗಿತ್ತು.”

ಅವನಿಗೆ ನಗು ಬಂತು, ನನಗೆ ಕಾಣಿಸಿತು. ಆದರೆ ನುಂಗಿಕೊಂಡ. “ಏಳನೇ ನಂಬರಿಗೆ ನನಗ ಸಿಟ್ಟಿಲ್ಲಲೇ ಕಲ್ಮ್ಯಾ. ಹತ್ತು ಕೊಟ್ಟಿದ್ರೂ ನಗತಿದ್ದೆ. ಒಬ್ಬನ ಹಾಡಾಕ ಕುಂತ್ರ ಬಾಯಿ ತಗಿಯಾಕ ಆಗ್ತಿರಲಿಲ್ಲ. ಇಷ್ಟು ವರ್ಷ ಬಗಲಾಗ ನೀ ಇದ್ದಿ. ನೀ ಇಲ್ಲಂದ್ರ ನಿಮ್ಮ ಮನಿ ಸಪ್ಪಳನಾದ್ರೂ ಇರ್ಲಿ ಅಂತ ಹೋಗಿ ತಂದೆ. ಅದನ್ನ ಕೇಳಿ ಓಡಿ ಬರ್ತೀ ಅಂತ ಕಾದೆ. ನೀ ಏನ ಬರದಿ? ಬಡಿತ ಮರತಾನಂತ!”

ಪಟ್ಟಿ ಬದಲಿಸುತ್ತೇನೆ, ಮೊದಲನೇ ಸ್ಥಾನ ಕೊಡುತ್ತೇನೆ ಎಂದೆ.

“ಬ್ಯಾಡ. ನಾಚಿಕೆ ಆತಂತ ಕೊಟ್ಟ ನಂಬರ್ ನನಗ ಬ್ಯಾಡ. ಏಳ ಇರ್ಲಿ.”

“ಮುಧೋಳಕ್ಕ ಬರ್ತೇನಿ, ಹಾಡ್ತೇನಿ.”

“ಆತು ಬಿಡು, ಅದು ಮುಗೀತು. ಬೀಳಗಿ ಹುಡುಗಿ ಒಬ್ಬಾಕಿ ಅದಾಳ, ರೇಷ್ಮಾ ಅಂತ. ಆಲ್ಬಮ್‌ದಾಗ ಹಾರ್ಮೋನಿಯಂ ಬಾರಿಸಿದಾಕಿ ಅಕೀನ. ನೀ ಉತ್ತರ ಕೊಡದಿದ್ದಕ್ಕ ಎರಡನೇ ದನೀನೂ ಅಕೀನ ಕಲ್ತಾಳ. ಈಗ ಬ್ಯಾಡ ಅನ್ನಾಕ ಬರ್ತದೇನು?”

ಬರುವುದಿಲ್ಲ. ನನಗೂ ಗೊತ್ತು. ರಬಕವಿಯಿಂದ ಬನಹಟ್ಟಿಗೆ ನಡೆದೇ ಬಂದೆ. ಅಳು ಬಂತು. ಎದುರಿಗೆ ಪರಿಚಯದವರು ಬಂದರು, ಧೂಳೆಂದು ಕಣ್ಣೊರೆಸಿಕೊಂಡೆ.

ಡಿಸೆಂಬರ್ 25, ಬುಧವಾರ

ಸ್ಥಾನ ಮುಟ್ಟಲಿಲ್ಲ. ಪಟ್ಟಿಯ ಕೆಳಗೆ ಇಷ್ಟು ಬರೆದೆ: ‘ಹಗಲಪಾಳಿಯಲ್ಲಿ ತಾಳ ಇಲ್ಲವೆಂದದ್ದು ತಪ್ಪು. ಅದರ ತಾಳ ನಮ್ಮ ಹಿತ್ತಲಿನ ಮಗ್ಗ. ನಾನು ಬನಹಟ್ಟಿಯವನು, ನನಗೆ ಕೇಳಿಸಲಿಲ್ಲ. ದಯವಿಟ್ಟು ನೀವು ಕೇಳಿ.’

ಜನ ಬೈಯುತ್ತಾರೆ ಎಂದುಕೊಂಡಿದ್ದೆ. ಸಂಜೆಯೊಳಗೆ ನಮ್ಮೂರಿನ, ಸುತ್ತಲಿನ ಮಗ್ಗದ ಊರುಗಳವರದೇ ಸಾಲು. ‘ನನಗೂ ಕೇಳಿಸಿರಲಿಲ್ಲ.’ ‘ನಾ ತೇರದಾಳದಾಂವ, ನನಗೂ ಕೇಳಸಿಲ್ರೀ.’ ‘ಪುಣೆಯಲ್ಲಿ ಕೇಳಿದೆ, ಮನೆ ನೆನಪಾಗಿ ರಜೆ ಹಾಕಿ ಬಂದೆ.’ ಅಪ್ಪನಿಗೂ ಒಂದು ಹಾಡು ಕೇಳಿಸಿದೆ. ಇಯರ್‌ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತು ಪೂರ್ತಿ ಕೇಳಿದ.

“ಇಷ್ಟ ವರ್ಷ ನಾ ದಿನಾ ಬಾರಸ್ತೇನಿ, ಒಬ್ಬ ಮಗಾನೂ ಚಪ್ಪಾಳಿ ಹೊಡದಿಲ್ಲ” ಎಂದ. ಮುಧೋಳಕ್ಕೆ ತಾನೂ ಬರುತ್ತೇನೆ ಎಂದ.

ನಾನು ಹೋಗುವುದೋ ಬೇಡವೋ ಇನ್ನೂ ನಿಶ್ಚಯಿಸಿಲ್ಲ.

ಡಿಸೆಂಬರ್ 28, ಶನಿವಾರ

ಹೋಗುವುದಿಲ್ಲ. ಹಾಡಬೇಕಾದ ಕಡೆ ಹೋಗಿ ಕುರ್ಚಿಯಲ್ಲಿ ಕೂರುವುದು ಯಾವ ಚಂದ?

ಅವ್ವ ಇಸ್ತ್ರಿ ಮಾಡಿದ ಅಂಗಿ ತಂದು ಮಂಚದ ಮೇಲಿಟ್ಟಿದ್ದಾಳೆ.

ಡಿಸೆಂಬರ್ 30, ಸೋಮವಾರ

ನಿನ್ನೆ ಹೋದೆವು, ಅಪ್ಪ ಮತ್ತು ನಾನು. ಹಾಲ್ ತುಂಬಿತ್ತು. ಅರ್ಧ ಮಂದಿ ಮುಧೋಳದವರು, ಅರ್ಧ ನಮ್ಮ ಕಡೆಯವರು. ಸ್ಪೀಕರಿನಲ್ಲಿ ಮಗ್ಗ ಶುರುವಾದ ಕೂಡಲೇ ಮುಧೋಳದವರು ತಾಳಕ್ಕೆ ಚಪ್ಪಾಳೆ ಹಾಕತೊಡಗಿದರು. ನಮ್ಮವರು ಹಾಡು ಇನ್ನೂ ಶುರುವಾಗಿಲ್ಲ ಎಂದುಕೊಂಡು ಹರಟೆ ಹೊಡೆಯುತ್ತ ಕೂತಿದ್ದರು! ಅಪ್ಪನಿಗೆ ನಕ್ಕು ನಕ್ಕು ಕೆಮ್ಮು ಬಂತು. ಆರನೇ ಹಾಡಿನಲ್ಲಿ ಮಗ್ಗ ನಿಂತಾಗ ಮಾತ್ರ ನಮ್ಮ ಸಾಲಿಗೆ ಸಾಲೇ ಎದ್ದಿತು. ಮುಧೋಳದವರು ಏನಾಯಿತೆಂದು ಗಾಬರಿಯಾದರು.

ರೇಷ್ಮಾ ನನಗಿಂತ ಚೆನ್ನಾಗಿ ಹಾಡಿದಳು. ಹೊಟ್ಟೆ ಉರಿಯಿತು. ಆದರೂ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆ.

ಮುಗಿದ ಮೇಲೆ ಅಮೋಲ ಬೆವರು ಒರೆಸಿಕೊಳ್ಳುತ್ತ ಬಂದ. ಅಪ್ಪನ ಕಾಲು ಮುಟ್ಟಿದ. ನನ್ನ ಕಡೆ ತಿರುಗಿ, “ಬರೂ ವರ್ಷ ಏನ್ ಮಾಡೂಣು?” ಎಂದ. ಮಾಡೂಣು. ಅಂದರೆ ಇಬ್ಬರೂ ಕೂಡಿ ಅಂದ ಹಾಗೆ. ನನ್ನ ದರಿದ್ರ ನಾಲಿಗೆ ನೋಡು, “ನೋಡೂಣು ತಗೋ” ಎಂದುಬಿಟ್ಟಿತು. ಅವನು ತಲೆ ಆಡಿಸಿ ವೈರು ಸುತ್ತಲು ಹೋದ.

ಬಸ್ಸು ಹತ್ತಿದೆವು. ಕೂತಲ್ಲಿ ಕೂರಲಾಗಲಿಲ್ಲ. ಮಹಾಲಿಂಗಪುರ ಬರುವಷ್ಟರಲ್ಲಿ ಅಪ್ಪನಿಗೆ ನೀ ಹೋಗು ಎಂದು ಹೇಳಿ ಇಳಿದುಬಿಟ್ಟೆ. “ಲೇ, ಎಲ್ಲಿಗೋ?” ಎಂದು ಅಪ್ಪ ಕಿಟಕಿಯಿಂದ ಕೂಗುತ್ತಲೇ ಇದ್ದ, ಬಸ್ಸು ಹೋಯಿತು. ಫೋನ್ ಮಾಡಿದೆ. ಈ ಸಲ ಎತ್ತಿದ.

“ಹೂಂ” ಎಂದೆ.

“ಏನ್ ಹೂಂ?”

“ಮಾಡೂಣು.”

“ಎಲ್ಲಿ ಅದಿ?”

“ಮಹಾಲಿಂಗಪುರ ಸ್ಟ್ಯಾಂಡಿನ್ಯಾಗ. ಬಸ್ ಇಳದೇನಿ.”

“ಮಂಗ್ಯಾ! ಅಲ್ಲೇ ನಿಂದ್ರು. ನಮ್ಮ ಟೆಂಪೋನೂ ಆ ಕಡೇನ ಬರಾಕತ್ತೈತಿ.”

ರೇಷ್ಮಾ ತನ್ನ ಅಪ್ಪನ ಬೈಕಿನಲ್ಲಿ ಬೀಳಗಿಗೆ ಹೋಗಿದ್ದಳು. ಟೆಂಪೋದ ಹಿಂದೆ ಸ್ಪೀಕರು, ವೈರು, ನಾವಿಬ್ಬರು. ಸ್ವಲ್ಪ ದೂರ ಸ್ಪೀಕರು ಉರುಳದಂತೆ ಹಿಡಿದು ಕೂತೆವು. ಆಮೇಲೆ ಅಮೋಲ ಕತ್ತು ತಗ್ಗಿಸಿ, ಯಾರಿಗೂ ಕೇಳಿಸದ ಹಾಗೆ, ಹೊಸದೊಂದು ಹಾಡು ಗುನುಗತೊಡಗಿದ. ಎರಡನೇ ಸಾಲಿನಲ್ಲಿ ಸ್ವರ ಮೇಲೆ ಹೋಗಬಾರದಿತ್ತು, ಇಳಿಯಬೇಕಿತ್ತು. ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಹೇಳಲೆಂದು ಬಾಯಿ ತೆರೆದವನು, ಅವನ ಜೊತೆ ಮೇಲಕ್ಕೇ ಹಾಡಿದೆ.